ಕನ್ಸೋಲ್ ರೇಡಿಯೋಗೆ ಮರುಜೀವ: ಪ್ಲಗ್ ಚುಚ್ಚುವ ಮುನ್ನ

ಬಹುಕಾಲ ಮೂಲೆಯಲ್ಲಿ ಮೌನವಾಗಿ ನಿಂತಿದ್ದ ವಾಲ್ವ್ ರೇಡಿಯೋ ಒಂದು ಕೈಗೆ ಬಂದೊಡನೆ, ಅದನ್ನು ಸಾಕೆಟ್ಟಿಗೆ ಸೇರಿಸಿ, ಹಾಡುವುದೋ ಇಲ್ಲವೋ ನೋಡಿಯೇ ಬಿಡೋಣವೆಂಬ ಆತುರವುಂಟಾಗುವುದು ಸಹಜ. ಆದರೆ ಧೂಳು, ತೇವ, ನಿರ್ಲಕ್ಷ್ಯಗಳೆಲ್ಲವನ್ನೂ ಸಹಿಸಿ ಉಳಿದ ಯಂತ್ರವು ಶಾಶ್ವತವಾಗಿ ಕೆಡುವುದು ಬಹುಮಟ್ಟಿಗೆ ಆ ಒಂದು ಆತುರದ ಕ್ಷಣದಲ್ಲಿಯೇ. ಕ್ರಮವನ್ನರಿತು ಕೈಹಾಕಿದವರಿಗೆ ಮಾತ್ರ ಇಂತಹ ರೇಡಿಯೋ ಮತ್ತೆ ದನಿಗೊಡುತ್ತದೆ.

ನೆಲದ ಮೇಲೆ ಬೀರುವಿನಂತೆ ನಿಲ್ಲುವ ಕನ್ಸೋಲ್ ರೇಡಿಯೋದ ವೈಭವದ ಕಾಲವೆಂದರೆ ಅಮೆರಿಕದ 1930ರ ದಶಕ. ಆರ್ಥಿಕ ಕುಸಿತದ ನಡುವೆ ಅಧ್ಯಕ್ಷ ರೂಸ್‌ವೆಲ್ಟ್ 1933ರ ಮಾರ್ಚಿನಲ್ಲಿ ರೇಡಿಯೋ ಮೂಲಕ ಜನರೊಡನೆ ನೇರವಾಗಿ ಮಾತನಾಡತೊಡಗಿದಾಗ, ವಾಲ್‌ನಟ್ ಮರದ ಹೊದಿಕೆಯ ಈ ಪೆಟ್ಟಿಗೆಯ ಸುತ್ತ ಕುಟುಂಬಗಳು ನೆರೆಯುತ್ತಿದ್ದುವು. ಫಿಲ್ಕೋ, ಜೆನಿತ್, ಆರ್‌ಸಿಎ ಸಂಸ್ಥೆಗಳು ಪರಸ್ಪರ ಸ್ಪರ್ಧಿಸುತ್ತಿದ್ದ ಆ ದಿನಗಳಲ್ಲಿ, 1935ರಲ್ಲಿ, ಜೆನಿತ್ ಸಂಸ್ಥೆಯು 25 ವಾಲ್ವ್‌ಗಳ ‘ಸ್ಟ್ರಾಟೋಸ್ಫಿಯರ್’ ಎಂಬ ಬೃಹತ್ ಕನ್ಸೋಲನ್ನು ಹೊರತಂದಿತು. ಅದೇ 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕದ ನೆರವಿನಿಂದ, ‘ಆಕಾಶವಾಣಿ’ಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ನಿಮಿತ್ತ 1942ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಗೃಹಬಳಕೆಯ ರೇಡಿಯೋ ತಯಾರಿಕೆಯೇ ನಿಂತುಹೋಯಿತು. ಮುಂದೆ ಹೇಳುವ ಕ್ರಮವು ಆ ಕನ್ಸೋಲುಗಳಿಗೂ, ನಮ್ಮ ಮನೆಗಳಲ್ಲಿದ್ದ ಫಿಲಿಪ್ಸ್, ಮರ್ಫಿ ಮೊದಲಾದ ವಾಲ್ವ್ ರೇಡಿಯೋಗಳಿಗೂ ಬಹುಪಾಲು ಅನ್ವಯಿಸುತ್ತದೆ.

ಹಂತ 1: ನೋಡಿ, ಚಿತ್ರ ತೆಗೆಯಿರಿ

ಹಿಂಬದಿಯ ರಟ್ಟನ್ನು ಬಿಚ್ಚಿ, ಯಾವುದನ್ನೂ ಮುಟ್ಟುವ ಮೊದಲು ಎಲ್ಲ ಕೋನಗಳಿಂದಲೂ ಛಾಯಾಚಿತ್ರ ತೆಗೆದಿಡಿ. ಮಾದರಿಯ ಸಂಖ್ಯೆ ಸಾಮಾನ್ಯವಾಗಿ ಒಳಗೆ ಅಂಟಿಸಿದ ಚೀಟಿಯ ಮೇಲಿರುತ್ತದೆ. ಅದರ ಆಧಾರದಿಂದ ಸರ್ಕ್ಯೂಟ್ ನಕ್ಷೆಯನ್ನು ಹುಡುಕಿಕೊಳ್ಳಬೇಕು. ವಾಲ್ವನ್ನು ಕೀಳುವಾಗ ಗಾಜನ್ನಲ್ಲ, ಬುಡವನ್ನು ಹಿಡಿದು ಮೆಲ್ಲನೆ ಅಲುಗಿಸುತ್ತ ಮೇಲೆತ್ತಿ. ಗಾಜಿನ ಮೇಲಿನ ಸಂಖ್ಯೆ ಒಂದೇ ಒರಸಿಗೆ ಅಳಿಸಿಹೋಗಬಲ್ಲದಾದ ಕಾರಣ ಅದನ್ನು ಉಜ್ಜಕೂಡದು. ಗಾಜಿನ ವಾಲ್ವಿನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಲೇಪವಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದೂ ಆ ವಾಲ್ವಿನ ಆಯುಸ್ಸು ಮುಗಿದಿದೆಯೆಂದೂ ತಿಳಿಯಬೇಕು.

ಹಂತ 2: ವಿದ್ಯುತ್ತಿನ ಭಯವಿರಲಿ

ಇಂತಹ ರೇಡಿಯೋದೊಳಗೆ 250ರಿಂದ 350 ವೋಲ್ಟ್‌ನಷ್ಟು ನೇರವಿದ್ಯುತ್ತು ಸಂಚರಿಸುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪುಗಳಿಂದ ಸೇರಿಸಿ, ಕೆಲವು ಸೆಕೆಂಡು ಕಾದು, ಮೀಟರಿನಲ್ಲಿ ಸೊನ್ನೆ ತೋರಿದುದನ್ನು ಕಂಡ ಮೇಲೆಯೇ ಒಳಗೆ ಬೆರಳಿಡತಕ್ಕದ್ದು. ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ‘ಎಸಿ-ಡಿಸಿ’ ಸೆಟ್ಟುಗಳಲ್ಲಿ ಬಿಡಿಭಾಗಗಳನ್ನು ಕೂರಿಸಿದ ಲೋಹದ ಚಾಸಿಗೇ ಮನೆಯ ವಿದ್ಯುತ್ತು ನೇರವಾಗಿ ತಗಲಿರುವ ಸಂಭವವುಂಟು. ಅವುಗಳನ್ನು ಅನುಭವಿ ರಿಪೇರಿಗಾರರಿಗೇ ಬಿಡಿ.

ಹಂತ 3: ನಶ್ವರವಾದುದನ್ನು ಬದಲಿಸಿ

ರೇಡಿಯೋದಲ್ಲಿ ಮೊದಲು ಕೆಡುವುದು ವಾಲ್ವ್ ಎಂಬುದು ಜನರ ಕಲ್ಪನೆ. ವಾಸ್ತವವಾಗಿ ಕೆಡುವುವು ಕಂಡೆನ್ಸರುಗಳು. ಮೇಣ ಸವರಿದ ಕಾಗದದ ಕಂಡೆನ್ಸರುಗಳು ತೇವವನ್ನು ಹೀರಿ ಸೋರತೊಡಗುತ್ತವೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಒಣಗಿಹೋಗುತ್ತವೆ. ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸೇರಿದ ಪುಟ್ಟ ಕಪ್ಲಿಂಗ್ ಕಂಡೆನ್ಸರು: ಅದು ಸ್ವಲ್ಪ ಸೋರಿದರೂ ಗ್ರಿಡ್ಡು ಧನಾತ್ಮಕವಾಗಿ, ವಾಲ್ವಿನಲ್ಲಿ ಮಿತಿಮೀರಿದ ಪ್ರವಾಹ ಹರಿದು, ಪ್ಲೇಟು ಕೆಂಪಗೆ ಕಾದು, ಕಡೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ. ಕೆಲವು ರೂಪಾಯಿಗಳ ಬಿಡಿಭಾಗವೊಂದು ದುರ್ಲಭ ವಸ್ತುವೊಂದನ್ನು ನಾಶಮಾಡುವ ಬಗೆ ಇದು. ಕಾಗದದವುಗಳಿಗೆ ಬದಲಾಗಿ ಅದೇ ಮೌಲ್ಯದ 630 ವೋಲ್ಟ್ ಫಿಲ್ಮ್ ಕಂಡೆನ್ಸರುಗಳನ್ನೂ, 8 ಮೈಕ್ರೋಫ್ಯಾರಡ್‌ನ ಹಳೆಯ ಫಿಲ್ಟರಿಗೆ 10 ಮೈಕ್ರೋಫ್ಯಾರಡ್, 450 ವೋಲ್ಟ್‌ನದನ್ನೂ, ಧನ-ಋಣ ತುದಿಗಳನ್ನು ಗಮನಿಸಿ ಬೆಸೆಯಿರಿ. ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಹೊಸದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಪುಡಿಯಾದ ರಬ್ಬರ್ ತಂತಿಗಳನ್ನೂ ಪವರ್ ಕಾರ್ಡನ್ನೂ ಬದಲಿಸಿ, ಸೂಕ್ತ ಫ್ಯೂಸೊಂದನ್ನು ಅಳವಡಿಸಿ. ಟ್ಯೂನಿಂಗ್ ಕಾಯಿಲುಗಳ ಮೇಲಿರುವ ಸಣ್ಣ ತಿರುಪುಗಳನ್ನು ಮಾತ್ರ ತಿರುಗಿಸಬೇಡಿ; ಉಪಕರಣವಿಲ್ಲದೆ ಅವುಗಳ ಶ್ರುತಿಯನ್ನು ಮತ್ತೆ ಕೂಡಿಸಲಾಗದು.

ಹಂತ 4: ಬಲ್ಬಿನ ಕಾವಲಿನಲ್ಲಿ ಮೊದಲ ವಿದ್ಯುತ್ತು

ಅಮೆರಿಕದ ಸೆಟ್ಟುಗಳು 110-120 ವೋಲ್ಟ್, 60 ಸೈಕಲ್ಲಿಗೆಂದು ನಿರ್ಮಿತವಾದುವು. ನಮ್ಮ 230 ವೋಲ್ಟ್‌ಗೆ ನೇರವಾಗಿ ಸೇರಿಸಿದರೆ ಕೆಡುವುದು ನಿಶ್ಚಿತ. ನಮ್ಮ 50 ಸೈಕಲ್ಲಿನಲ್ಲಿ ಅವುಗಳ ಟ್ರಾನ್ಸ್‌ಫಾರ್ಮರು ತುಸು ಹೆಚ್ಚು ಬಿಸಿಯಾಗುವುದರಿಂದ, 110 ವೋಲ್ಟ್ ಕೊಡುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರು ಉತ್ತಮ. 230 ವೋಲ್ಟ್‌ನ ಬದಿಯಲ್ಲಿ, ಸರಣಿಯಾಗಿ, 100 ವ್ಯಾಟ್‌ನ ಹಳೆಯ ತಂತಿಬಲ್ಬೊಂದನ್ನು ಸೇರಿಸಿ. ಸ್ಪೀಕರನ್ನು ಜೋಡಿಸದೆ ಎಂದಿಗೂ ಸ್ವಿಚ್ಚು ಹಾಕಬಾರದು. ಆ ಕಾಲದ ಸ್ಪೀಕರಿನ ಕಾಂತಸುರುಳಿಯು ಅನೇಕ ಸೆಟ್ಟುಗಳಲ್ಲಿ ವಿದ್ಯುತ್ ಪೂರೈಕೆಯ ಅಂಗವೇ ಆಗಿರುತ್ತದೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಶುಭಲಕ್ಷಣ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆಯೆಂದರ್ಥ, ತತ್‌ಕ್ಷಣ ಆರಿಸಿ.

ಹಂತ 5: ಏರಿಯಲ್ ಕಟ್ಟಿ, ನಿಲಯ ಹಿಡಿಯಿರಿ

ಬಲ್ಬಿನ ಪರೀಕ್ಷೆಯಲ್ಲಿ ಗೆದ್ದ ಸೆಟ್ಟಿಗೆ 10-15 ಮೀಟರ್ ತಂತಿಯನ್ನು ಕರೆಂಟ್ ಕಂಬಗಳಿಂದ ದೂರವಾಗಿ ಎತ್ತರದಲ್ಲಿ ಕಟ್ಟಿ ಸೇರಿಸಿ. ಗುಡುಗಿನ ಲಕ್ಷಣ ಕಂಡೊಡನೆ ಅದನ್ನು ಕಳಚಿಡಿ. ಮನೆಯ ಎಲ್‌ಇಡಿ ದೀಪ, ಚಾರ್ಜರುಗಳು ಗೊರಗೊರ ಶಬ್ದವನ್ನುಂಟುಮಾಡುವುದರಿಂದ ಅವುಗಳನ್ನು ಆರಿಸಬೇಕು. ಅಮೆರಿಕದ ಅನೇಕ ಡಯಲುಗಳಲ್ಲಿ ಕೊನೆಯ ಸೊನ್ನೆಯನ್ನು ಬಿಟ್ಟು 55ರಿಂದ 160ರವರೆಗೆ ಬರೆದಿರುವುದರಿಂದ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನು 61ರ ಬಳಿ ಅರಸಬೇಕು; ತರಂಗಾಂತರವನ್ನು ಮೀಟರುಗಳಲ್ಲಿ ಬರೆದ ಡಯಲಿನಲ್ಲಿ ಅದು 490ರ ಸಮೀಪ. ‘ಮ್ಯಾಜಿಕ್ ಐ’ ಎಂಬ ಸೂಚಕ ವಾಲ್ವ್ ಇದ್ದರೆ, ನಿಲಯ ಸಮೀಪಿಸಿದಂತೆ ಅದರ ಹಸಿರು ಬೆಳಕಿನ ನಡುವಣ ಕಪ್ಪು ಸೀಳು ಕಿರಿದಾಗುತ್ತ ಬರುತ್ತದೆ. ಅತಿ ಕಿರಿದಾದಲ್ಲಿ ಕೈ ನಿಲ್ಲಿಸಿ.

ಹಂತ 6: ಪೆಟ್ಟಿಗೆಯನ್ನು ಗೌರವಿಸಿ

ಮರದ ಮೇಲ್ಪದರ ಬಹಳ ತೆಳು. ಉಪ್ಪುಕಾಗದದಿಂದ ಉಜ್ಜಿದರೆ ಒಳಮರವೇ ಹೊರಬೀಳುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆ, ಅನಂತರ ಮೇಣದ ಪಾಲಿಶ್, ಇಷ್ಟೇ ಸಾಕು. ಡಯಲಿನ ಗಾಜಿನ ಒಳಬದಿಗೆ ನೀರು ತಾಕಿಸಬೇಡಿ, ಅಕ್ಷರಗಳು ಕರಗಿಹೋಗುತ್ತವೆ.

ತೆಗೆದ ಬಿಡಿಭಾಗಗಳನ್ನೂ ನಕ್ಷೆಯನ್ನೂ, ಬದಲಿಸಿದುದರ ಪಟ್ಟಿಯನ್ನೂ ಒಂದು ಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇರಿಸಿ. ಮುಂದೆ ರಿಪೇರಿ ಮಾಡುವವರಿಗೆ ಅದೇ ದಾರಿದೀಪ. ಒಳಭಾಗವನ್ನು ಕಿತ್ತೆಸೆದು, ಪೆಟ್ಟಿಗೆಯನ್ನು ಕಪಾಟಾಗಿಸುವ ಅಥವಾ ಬ್ಲೂಟೂತ್ ಸ್ಪೀಕರನ್ನು ಅಡಗಿಸುವ ಯೋಚನೆಯನ್ನು ದಯಮಾಡಿ ಬಿಡಿ. ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಅಳೆದು, ಬದಲಿಸಬಹುದೆಂಬ ನಂಬಿಕೆಯಿಂದ ನಿರ್ಮಾಣಗೊಂಡ ಯಂತ್ರ ಇದು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ, ಅದನ್ನು ಪಡೆದ ನಮ್ಮ ಮೇಲಿದೆ.