ಅಲೆನ್ ಡ್ರೂರಿ: ಸೆನೆಟ್ ವರದಿಗಾರ ಕಾದಂಬರಿಕಾರನಾದ ಬಗೆ (ಮುಖ್ಯಾಂಶಗಳು)

ಜನನ, ಮರಣ: ಹುಟ್ಟಿದ್ದು 1918ರ ಸೆಪ್ಟೆಂಬರ್ 2ರಂದು, ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ತೀರಿಕೊಂಡದ್ದು 1998ರ ಸೆಪ್ಟೆಂಬರ್ 2ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಂದು ಅವರ ಎಂಬತ್ತನೇ ಹುಟ್ಟುಹಬ್ಬ. ಒಂದು ತಾರೀಖು ನೆನಪಿದ್ದರೆ ಎರಡೂ ಸಿಕ್ಕಂತೆ.

ಆರಂಭ: ಬೆಳೆದ ಊರು ಕ್ಯಾಲಿಫೋರ್ನಿಯಾದ ಪೋರ್ಟರ್‌ವಿಲ್. 1939ರಲ್ಲಿ ಸ್ಟ್ಯಾನ್‌ಫರ್ಡ್ ಪದವಿ. ಮೊದಲು ‘ಟುಲೇರಿ ಬೀ’ ಎಂಬ ಸಣ್ಣ ಪತ್ರಿಕೆ, ಬಳಿಕ ಬೇಕರ್ಸ್‌ಫೀಲ್ಡ್‌ನ ಪತ್ರಿಕೆ.

ಸೆನೆಟ್ ಗ್ಯಾಲರಿ: ಬೆನ್ನಿನ ಹಳೆಯ ಪೆಟ್ಟಿನಿಂದಾಗಿ ಸೇನೆಯಿಂದ ಹೊರಬಂದ ಡ್ರೂರಿ 1943ರಲ್ಲಿ ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಗೆ ಸೆನೆಟ್ ವರದಿಗಾರರಾದರು. ಸುದ್ದಿ ಕಳಿಸುವುದರ ಜೊತೆಗೇ ದಿನಚರಿಯನ್ನೂ ಬರೆದಿಟ್ಟರು: ಯಾವ ಸೆನೆಟರ್ ಹೇಗೆ ಮಾತಾಡುತ್ತಾನೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದೆಲ್ಲ ಅದರಲ್ಲಿದೆ. ಇದು ‘ಎ ಸೆನೆಟ್ ಜರ್ನಲ್’ ಆಗಿ ಪುಸ್ತಕರೂಪ ಪಡೆದದ್ದು 1963ರಲ್ಲಿ. ಬರೆದದ್ದು ಚೊಚ್ಚಲ ಕಾದಂಬರಿಗಿಂತ ಮೊದಲು, ಅಚ್ಚಾದದ್ದು ಆಮೇಲೆ. ಕಾಲಾನುಕ್ರಮದ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ. 1954ರಿಂದ 1959ರವರೆಗೆ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿದ್ದರು.

ಮುಖ್ಯ ಕೃತಿ: ‘ಅಡ್ವೈಜ್ ಆ್ಯಂಡ್ ಕನ್ಸೆಂಟ್’ (1959), ಚೊಚ್ಚಲ ಕಾದಂಬರಿ. ಅಮೆರಿಕ ಸಂವಿಧಾನದ 2ನೇ ವಿಧಿ, 2ನೇ ಪರಿಚ್ಛೇದದ ಪ್ರಕಾರ ಅಧ್ಯಕ್ಷರ ಉನ್ನತ ನೇಮಕಗಳಿಗೆ ಸೆನೆಟ್‌ನ ‘ಸಲಹೆ ಮತ್ತು ಸಮ್ಮತಿ’ ಬೇಕು. ಸಂವಿಧಾನದಲ್ಲಿರುವುದು ನಾಮಪದವಾದ ‘ಅಡ್ವೈಸ್’, ಕಾದಂಬರಿಯ ಹೆಸರಲ್ಲಿರುವುದು ಕ್ರಿಯಾಪದ. ನಮ್ಮಲ್ಲಿ ಕೇಂದ್ರ ಸಚಿವರ ನೇಮಕಕ್ಕೆ ರಾಜ್ಯಸಭೆಯ ಒಪ್ಪಿಗೆ ಬೇಕಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕಥೆಯ ಬಿಸಿ ತಟ್ಟುವುದಿಲ್ಲ.

ಕಥೆ: ಅಧ್ಯಕ್ಷರು ರಾಬರ್ಟ್ ಲೆಫಿಂಗ್‌ವೆಲ್‌ನನ್ನು ವಿದೇಶಾಂಗ ಸಚಿವ ಹುದ್ದೆಗೆ ಹೆಸರಿಸುತ್ತಾರೆ. ಹಿಂದೊಮ್ಮೆ ಕಮ್ಯುನಿಸ್ಟರ ಜೊತೆಗಿದ್ದ ವಿಷಯದಲ್ಲಿ ಆತ ಪ್ರಮಾಣ ಮಾಡಿ ಸುಳ್ಳು ಹೇಳಿರುತ್ತಾನೆ. ಅದನ್ನು ಅರಿತು ಅಡ್ಡನಿಂತ ಯೂಟಾದ ಸೆನೆಟರ್ ಬ್ರಿಗಮ್ ಆಂಡರ್ಸನ್‌ನ ಬಾಯಿ ಮುಚ್ಚಿಸಲು, ಯುದ್ಧಕಾಲದಲ್ಲಿ ಇನ್ನೊಬ್ಬ ಪುರುಷನೊಂದಿಗೆ ಅವನಿಗಿದ್ದ ಸಂಬಂಧವನ್ನು ಹೊರಗೆಳೆಯುತ್ತಾರೆ. ಆಂಡರ್ಸನ್ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಇದರ ಹಿಂದಿರುವುದು ನಿಜ ಘಟನೆ ಎಂದು ವಿಮರ್ಶಕರು ಗುರುತಿಸುತ್ತಾರೆ: ಮಗನ ಬಂಧನವನ್ನು ಮುಂದಿಟ್ಟು ವಿರೋಧಿಗಳು ಒತ್ತಡ ಹೇರಿದಾಗ, ವೈಯೋಮಿಂಗ್‌ನ ಸೆನೆಟರ್ ಲೆಸ್ಟರ್ ಹಂಟ್ 1954ರ ಜೂನ್ 19ರಂದು ತಮ್ಮ ಸೆನೆಟ್ ಕಚೇರಿಯಲ್ಲೇ ಗುಂಡು ಹಾರಿಸಿಕೊಂಡರು. 1959ರಲ್ಲಿ ಇಂಥ ಪಾತ್ರವನ್ನು ಮರುಕದಿಂದ ಬರೆದದ್ದು ಕಟ್ಟಾ ಕಮ್ಯುನಿಸ್ಟ್ ವಿರೋಧಿಯಾದ ಸಂಪ್ರದಾಯವಾದಿ ಲೇಖಕ! ನನ್ನ ಮಟ್ಟಿಗೆ ಕಾದಂಬರಿಯ ಜೀವ ಇರುವುದು ಇಲ್ಲೇ.

ಭಾರತದ ನಂಟು: ಕಾದಂಬರಿಯಲ್ಲಿ ಕೃಷ್ಣ ಖಲೀಲ್ ಎಂಬ ಭಾರತೀಯ ರಾಯಭಾರಿಯ ಪಾತ್ರವಿದೆ. ಅಲಿಪ್ತ ನೀತಿಯ ಬಗ್ಗೆ ಡ್ರೂರಿಗೆ ಅಷ್ಟೇನೂ ಸದಭಿಪ್ರಾಯವಿರಲಿಲ್ಲ. ಓದುವಾಗ ನಮಗೆ ಚುರುಕ್ ಎನ್ನುತ್ತದೆ.

ಪುಲಿಟ್ಜರ್: 1960ರ ಕಾದಂಬರಿ ಪ್ರಶಸ್ತಿ. ತೀರ್ಪುಗಾರರು ಸೂಚಿಸಿದ್ದು ಸಾಲ್ ಬೆಲೊ ಅವರ ‘ಹೆಂಡರ್ಸನ್ ದ ರೇನ್ ಕಿಂಗ್’. ಮಂಡಳಿ ಅದನ್ನು ಬದಿಗಿಟ್ಟು ಡ್ರೂರಿಗೆ ಕೊಟ್ಟಿತು. ಪ್ರಶಸ್ತಿ ಬಂದದ್ದು ಪತ್ರಿಕಾ ಬರಹಕ್ಕಲ್ಲ, ಕಾದಂಬರಿಗೆ.

ಚಲನಚಿತ್ರ: 1962, ನಿರ್ದೇಶಕ ಆಟೊ ಪ್ರೆಮಿಂಜರ್. ಲೆಫಿಂಗ್‌ವೆಲ್ ಆಗಿ ಹೆನ್ರಿ ಫೋಂಡಾ. ಚಾರ್ಲ್ಸ್ ಲಾಟನ್‌ಗೆ ಇದೇ ಕೊನೆಯ ಚಿತ್ರ. ಪುಸ್ತಕದಲ್ಲಿ ನೇಮಕ ಭಾರಿ ಅಂತರದಿಂದ ಬಿದ್ದುಹೋಗುತ್ತದೆ, ಚಿತ್ರದಲ್ಲಿ ಮತಗಳು ಸಮಸಮ.

ಮುಂದಿನ ಭಾಗಗಳು: ‘ಎ ಶೇಡ್ ಆಫ್ ಡಿಫರೆನ್ಸ್’ (1962), ‘ಕೇಪಬಲ್ ಆಫ್ ಆನರ್’ (1966), ‘ಪ್ರಿಸರ್ವ್ ಆ್ಯಂಡ್ ಪ್ರೊಟೆಕ್ಟ್’ (1968). ಒಂದಾದ ಮೇಲೊಂದು ಕೃತಿಯಲ್ಲಿ ವರದಿಗಾರ ಹಿಂದೆ ಸರಿದು ವಾದಿ ಮುಂದೆ ಬರುತ್ತಾನೆ. ಗ್ಯಾಲರಿಯಲ್ಲಿ ಕೂತು ಕಂಡ ಮನುಷ್ಯರು ತೆಳುವಾಗುತ್ತಾರೆ. ಆದರೂ ಒಂದು ಹೂಟ ಮೆಚ್ಚಬೇಕು. 1968ರ ಕೃತಿ ಗುಂಡಿನ ದಾಳಿಯಲ್ಲಿ ಮುಗಿಯುತ್ತದೆ, ಸತ್ತವರು ಯಾರೆಂದು ಹೇಳುವುದಿಲ್ಲ. ‘ಕಮ್ ನಿನೆವೆ, ಕಮ್ ಟೈರ್’ (1973) ದಾಳಿಗೊಳಗಾದವರಲ್ಲಿ ಒಬ್ಬನಾದ ಟೆಡ್ ಜೇಸನ್ ಬದುಕಿದರೆ ಏನಾದೀತು ಎಂದು ಹೇಳಿದರೆ, ‘ದ ಪ್ರಾಮಿಸ್ ಆಫ್ ಜಾಯ್’ (1975) ಇನ್ನೊಬ್ಬನಾದ ಆರಿನ್ ನಾಕ್ಸ್ ಬದುಕಿದರೆ ಏನಾದೀತು ಎಂದು ಹೇಳುತ್ತದೆ. ಒಂದೇ ಗುಂಡೇಟಿಗೆ ಎರಡು ಕಾದಂಬರಿ.

ಇತರೆ: ಪ್ರಾಚೀನ ಈಜಿಪ್ಟಿನ ಬಗ್ಗೆ ‘ಎ ಗಾಡ್ ಅಗೇನ್ಸ್ಟ್ ದ ಗಾಡ್ಸ್’ (1976). ಕಾಗದಪತ್ರಗಳು ಸ್ಟ್ಯಾನ್‌ಫರ್ಡ್‌ನ ಹೂವರ್ ಸಂಸ್ಥೆಯಲ್ಲಿವೆ. ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗದಿದ್ದ ಮೊದಲ ಕಾದಂಬರಿ 2014ರಲ್ಲಿ ಮರುಮುದ್ರಣವಾಯಿತು.