ನೋವಿಲ್ಲದ ದವಡೆ ಊತ: ಏನು ಮಾಡಬೇಕು?

2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ 7 ವರ್ಷದ ಹುಡುಗನ ಕೆಳದವಡೆಯಿಂದ ತೆಗೆದ ಗಂಟನ್ನು ಬಿಡಿಸಿದಾಗ ಸಿಕ್ಕಿದ್ದು 526 ಪುಟಾಣಿ ಹಲ್ಲುಗಳು. ಮಗುವಿಗೆ 3 ವರ್ಷವಿದ್ದಾಗಲೇ ಊತ ಕಾಣಿಸಿತ್ತು. ಇದು ಒಡೊಂಟೋಮಾ. ಹಲ್ಲು ರೂಪಿಸುವ ಅಂಗಾಂಶದಿಂದಲೇ ಹುಟ್ಟುವ ಗೆಡ್ಡೆ.

ಇಂಥ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ನೋಯುವುದೂ ಇಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದರೆ ಒಳಗೊಳಗೇ ಮೂಳೆ ಸವೆಯಬಹುದು. ಆದ್ದರಿಂದ ಈ ಕ್ರಮ ಪಾಲಿಸಿ.

1. ಮುಟ್ಟಿ ನೋಡಿ
ಆಗಾಗ ಕನ್ನಡಿ ಮುಂದೆ ನಿಂತು ಎರಡೂ ಕೆನ್ನೆ ಸಮವಾಗಿವೆಯೇ ಗಮನಿಸಿ. ಕೈ ತೊಳೆದು, ಒಸಡಿನ ಕೆನ್ನೆ ಬದಿ ಮತ್ತು ನಾಲಿಗೆ ಬದಿಯಲ್ಲಿ ಬೆರಳಾಡಿಸಿ. ಗಟ್ಟಿ ಉಬ್ಬು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಹೊಸದಾಗಿ ಬಿದ್ದ ಸಂದು ಕಂಡರೆ ದಂತವೈದ್ಯರಿಗೆ ತೋರಿಸಿ. ಕೆಳತುಟಿ ಜೋಮು ಹಿಡಿದರಂತೂ ತಡಮಾಡಲೇಬೇಡಿ.

2. ಮಕ್ಕಳ ಹಲ್ಲು ಎಣಿಸಿ
ಮೇಲಿನ ನಡುವಿನ ಎರಡು ಮುಂದಿನ ಹಲ್ಲುಗಳು 7–8ನೇ ವಯಸ್ಸಿಗೆ, ಮೇಲಿನ ಕೋರೆಹಲ್ಲುಗಳು 11–12ಕ್ಕೆ ಬರುತ್ತವೆ. ಒಂದು ಬದಿ ಹಲ್ಲು ಬಂದು 6 ತಿಂಗಳಾದರೂ ಇನ್ನೊಂದು ಬದಿ ಬಾರದಿದ್ದರೆ ಎಕ್ಸ್-ರೇ ಮಾಡಿಸಿ. ಒಡೊಂಟೋಮಾ ಅಡ್ಡ ಕೂತಿರಬಹುದು. ಹರೆಯದ ಹುಡುಗಿಯರ ಮೇಲಿನ ಕೋರೆಹಲ್ಲು ಹೊರಬಾರದಿದ್ದರೆ ಅಡಿನೊಮಟಾಯ್ಡ್ ಎಂಬ ಇನ್ನೊಂದು ಬಗೆಯ ಗೆಡ್ಡೆಯೂ ಇರಬಹುದು. ಪೂರ್ತಿ ತೆಗೆದರೆ ಅದು ಮರುಕಳಿಸುವುದು ತೀರಾ ಅಪರೂಪ.

3. ಒಪಿಜಿ ತೆಗೆಸಿ
ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್-ರೇ ಇದು. ಕೆಳದವಡೆಯ ಹಿಂಭಾಗದಲ್ಲಿ ಸೋಪಿನ ನೊರೆಯಂಥ ಗುಳ್ಳೆಗಳು ಕಂಡರೆ ಅಮೆಲೋಬ್ಲಾಸ್ಟೋಮಾ ಎಂಬ ಗೆಡ್ಡೆ ಇರಬಹುದೆಂದು ವೈದ್ಯರು ಅನುಮಾನಿಸುತ್ತಾರೆ. ಗೆಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

4. ಬಯಾಪ್ಸಿಗೆ ಹೆದರಬೇಡಿ
ನೀರುಗುಳ್ಳೆ, ಕೆರಟೋಸಿಸ್ಟ್ ಎಂಬ ಇನ್ನೊಂದು ಬಗೆಯ ಗುಳ್ಳೆ, ಅಮೆಲೋಬ್ಲಾಸ್ಟೋಮಾ ಮೂರೂ ಎಕ್ಸ್-ರೇಯಲ್ಲಿ ಒಂದೇ ರೀತಿ ಕಾಣಬಹುದು, ಆದರೆ ಚಿಕಿತ್ಸೆ ಬೇರೆ ಬೇರೆ. ಚೂರು ತೆಗೆದು ಪರೀಕ್ಷಿಸಿದರಷ್ಟೇ ಖಚಿತ.

5. ಆಪರೇಷನ್ ಬಗ್ಗೆ ಕೇಳಿ
ಒಡೊಂಟೋಮಾವನ್ನು ಸಾಮಾನ್ಯವಾಗಿ ಅಷ್ಟನ್ನೇ ಬಿಡಿಸಿ ತೆಗೆದರೆ ಸಾಕು. ಅಮೆಲೋಬ್ಲಾಸ್ಟೋಮಾ ಹಾಗಲ್ಲ, ಅದರ ಕೋಶಗಳು ಪಕ್ಕದ ಮೂಳೆಗೂ ನುಸುಳಿರುತ್ತವೆ. ಬರೀ ಕೆರೆದು ತೆಗೆದರೆ ಮತ್ತೆ ಬರುವ ಸಂಭವ ಹೆಚ್ಚು. ಹಾಗಾಗಿ ಹಲವರಲ್ಲಿ ಸುತ್ತಲಿನ 1–2 ಸೆಂ.ಮೀ. ಮೂಳೆಯನ್ನೂ ತೆಗೆಯುತ್ತಾರೆ. "ಎಷ್ಟು ಮೂಳೆ ಹೋಗುತ್ತದೆ? ಕಾಲಿನ ಮೂಳೆಯಿಂದ ದವಡೆ ಕಟ್ಟುತ್ತೀರಾ? ಆಮೇಲೆ ಹಲ್ಲು ಕೂರಿಸಬಹುದೇ?" ಎಂದು ಮೊದಲೇ ಕೇಳಿ. ಬಹುಪಾಲು ಅಮೆಲೋಬ್ಲಾಸ್ಟೋಮಾಗಳಲ್ಲಿ ಬಿಆರ್‌ಎಎಫ್ ಎಂಬ ಜೀನ್ ಬದಲಾಗಿರುವುದು 2014ರಲ್ಲಿ ಗೊತ್ತಾಯಿತು. ಆಪರೇಷನ್ ಕಷ್ಟವಾದ ಕೆಲವರಿಗೆ ಇದನ್ನೇ ಗುರಿಯಾಗಿಸುವ ಮಾತ್ರೆಗಳನ್ನು ಕೊಡಲಾಗಿದೆ.

6. ತಪಾಸಣೆ ಬಿಡಬೇಡಿ
ಅಮೆಲೋಬ್ಲಾಸ್ಟೋಮಾ 10 ವರ್ಷದ ನಂತರವೂ ಮರುಕಳಿಸಬಹುದು. ಕ್ಯಾನ್ಸರಿನ ಲಕ್ಷಣವಿಲ್ಲದೆಯೇ ಶ್ವಾಸಕೋಶಕ್ಕೆ ಹರಡಿದ ಅಪರೂಪದ ಉದಾಹರಣೆಗಳೂ ಇವೆ. ಒಪಿಜಿ, ಬಯಾಪ್ಸಿ ವರದಿ, ಡಿಸ್ಚಾರ್ಜ್ ಪತ್ರವನ್ನು ಒಂದೇ ಫೈಲಿನಲ್ಲಿಟ್ಟು, ಕರೆದಾಗಲೆಲ್ಲ ತಪ್ಪದೆ ಹೋಗಿ. ವೈದ್ಯರು ಬದಲಾದರೂ ಆ ಫೈಲು ನಿಮ್ಮ ಜೊತೆಗಿರಲಿ.