ಮಿರಜ ನಗರದರ್ಶನ: ಒಂದು ಭಾಷಾ ಚಟುವಟಿಕೆ

ಸಲಗರೆಯ ಕನ್ನಡ ಮಾಧ್ಯಮದ ಮಕ್ಕಳನ್ನು ಬಾಡಿಗೆ ವಾಹನದಲ್ಲಿ ಅರ್ಧ ದಿನದ ಮಟ್ಟಿಗೆ ಮಿರಜಿಗೆ ಕರೆದೊಯ್ಯುವಾಗ ಎರಡು ಸ್ಥಳಗಳನ್ನು ತೋರಿಸಿದರೆ ಸಾಕು.

ಮೊದಲನೆಯದು ತಂತಿವಾದ್ಯ ತಯಾರಕರ ಓಣಿ. ಒಣಗಿದ ಬುರುಡೆ ತಂಬೂರಿಯಾಗುವ ಬಗೆಯನ್ನು ಮಾರ್ಗದರ್ಶಕರು ಮರಾಠಿಯಲ್ಲಿ ವಿವರಿಸಿದ ಬಳಿಕ, ಮಕ್ಕಳು ಅದನ್ನು ವಾಹನದಲ್ಲಿ ಕನ್ನಡದಲ್ಲಿ ನಿರೂಪಿಸಲಿ. ‘ಭೋಪಳಾ’ ಎಂಬುದಕ್ಕೆ ‘ಬುರುಡೆ’, ‘ತಾರ’ ಎಂಬುದಕ್ಕೆ ‘ತಂತಿ’ ಎಂದು ಜೋಡಿಪದಗಳನ್ನು ಬರೆದುಕೊಳ್ಳಲಿ.

ಎರಡನೆಯದು ಮೀರಾಸಾಹೇಬ ದರ್ಗಾ. 1937ರಲ್ಲಿ ನಿಧನರಾದ ಅಬ್ದುಲ್ ಕರೀಂ ಖಾನರ ಸಮಾಧಿ ಇಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು.

ಪೇಟೆಯಲ್ಲಿ ಕನ್ನಡವಾಡಲು ಅಳುಕುವ ಮಗುವಿಗೆ, ಈ ಊರಿನ ಸಂಗೀತವನ್ನು ಬೆಳೆಸಿದವರಲ್ಲಿ ಕನ್ನಡಿಗರೂ ಇದ್ದಾರೆಂಬುದು ಮನವರಿಕೆಯಾಗಬೇಕು. ಮರುದಿನ ಪ್ರತಿ ಮಗುವೂ ತಾನು ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಲಿ.